ಆಸ್ಪತ್ರೆ ಖಾಲಿಯಾದದ್ದು ಹೇಗೆ



ನುಂಗಂಬಾಕ್ಕಂ ಎಂಬ ಹೆಸರು ನಿಮ್ಮಲ್ಲಿ ಬಹಳ ಮಂದಿಯ ಕಿವಿಗೆ ಬಿದ್ದಿದ್ದರೆ ಅದು ಹವಾಮಾನ ವಾರ್ತೆಯಿಂದ. ಚೆನ್ನೈಯಲ್ಲಿ ಇಷ್ಟು ಮಳೆ, ಇಷ್ಟು ಬಿಸಿಲು ಎನ್ನುವಾಗ ಎರಡು ಹೆಸರು ಅವಳಿ ಮಕ್ಕಳ ಹಾಗೆ ಒಟ್ಟಿಗೇ ಬರುತ್ತವೆ: ನುಂಗಂಬಾಕ್ಕಂ, ಮೀನಂಬಾಕ್ಕಂ. ಅದರಲ್ಲಿ ಮೊದಲನೆಯದರಲ್ಲಿ ನಾನು ಮೂವತ್ತೈದು ವರ್ಷದಿಂದ ಇದ್ದೇನೆ. ಮೈಸೂರಿನಿಂದ ಕೆಲಸಕ್ಕೆಂದು ಬಂದವನು ನಿವೃತ್ತನಾದ ಮೇಲೂ ಇಲ್ಲೇ ಉಳಿದೆ. ಇವತ್ತು ನಾನು ಹೇಳಹೊರಟಿರುವುದಕ್ಕೂ ಮಳೆಗೂ ಸಂಬಂಧವಿಲ್ಲ. ಒಂದು ಹಾಳುಬಿದ್ದ ಆಸ್ಪತ್ರೆಯ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ.

ಇದಕ್ಕೆಲ್ಲ ಕಾರಣ ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಹಗಲು ಸಾಫ್ಟ್‌ವೇರ್, ರಾತ್ರಿ ಕಾದಂಬರಿ. ನಮ್ಮ ಮನೆಯಲ್ಲಿ ಪತ್ತೇದಾರಿ ಓದುವ ಚಟ ಮೂರು ತಲೆಮಾರಿನದು. ನಮ್ಮಪ್ಪ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದರು. ನಾನು ಟಿ.ಕೆ. ರಾಮರಾವ್ ಅವರ ಕಾದಂಬರಿಗಾಗಿ ಸರ್ಕ್ಯುಲೇಟಿಂಗ್ ಲೈಬ್ರರಿಯವರ ಹತ್ತಿರ ದಿನವೂ ಕೇಳಿ ಬೈಸಿಕೊಂಡವನು. ಹುಡುಗ ಕೆ.ಎನ್. ಗಣೇಶಯ್ಯನವರ ಅಭಿಮಾನಿ. ಕಥೆಯ ತಳದಲ್ಲಿ ನಿಜ ಸಂಗತಿ ಇರಲೇಬೇಕು ಎಂಬ ಹಟ ಅವನಿಗೆ ಅಲ್ಲಿಂದ ಬಂದದ್ದು. ಹೋದ ವರ್ಷ ನೂರೆಂಬತ್ತು ಪುಟದ ಕಟ್ಟು ಕಳಿಸಿ, "ಮಾವ, ಮದ್ರಾಸಿನ ವಿವರ ತಪ್ಪಿದ್ದರೆ ತಿದ್ದಿಕೊಡಿ" ಅಂದ.

ಕಥೆ ಹೀಗಿದೆ. ಮದ್ರಾಸಿನ ಅಂಚಿನಲ್ಲಿ ಬ್ರಿಟಿಷರ ಕಾಲದ ಒಂದು ಕ್ವಾರಂಟೀನ್ ಆಸ್ಪತ್ರೆ. ಐವತ್ತು ವರ್ಷದಿಂದ ಬೀಗ ಬಿದ್ದಿದೆ. ಗೋಡೆ ಸೀಳಿ ಅರಳಿ ಗಿಡ ಹುಟ್ಟಿದೆ, ತುಕ್ಕು ಹಿಡಿದ ಕಬ್ಬಿಣದ ಮಂಚಗಳು ಸಾಲಾಗಿ ನಿಂತಿವೆ. ಕೆಳಗೊಂದು ನೆಲಮಾಳಿಗೆ. ಅಲ್ಲಿ ಬಿಳಿಗೂದಲಿನ ಒಬ್ಬ ಡಾಕ್ಟರು ಬಡರೋಗಿಗಳನ್ನು ಕರೆತಂದು, ಅವರಿಗೆ ತಿಳಿಯದಂತೆ ಯಾವುದೋ ಔಷಧಿ ಚುಚ್ಚಿ, ಯಾರು ಸಾಯುತ್ತಾರೆ ಯಾರು ಉಳಿಯುತ್ತಾರೆ ಎಂದು ಬರೆದಿಡುತ್ತಿದ್ದಾನೆ. ಒಬ್ಬ ಪತ್ರಕರ್ತೆ ರಾತ್ರಿ ಟಾರ್ಚ್ ಹಿಡಿದು ಒಳಗೆ ಹೋಗುತ್ತಾಳೆ. ಮುಂದಿನದು ನಿಮಗೇ ಗೊತ್ತು.

ಮೊದಲ ತಿದ್ದುಪಡಿ ಸುಲಭವಾಗಿತ್ತು. ನೆಲಮಾಳಿಗೆ ತೆಗೆದುಹಾಕು ಎಂದೆ. ನಮ್ಮ ಬಡಾವಣೆಯ ಒಂದು ಭಾಗವನ್ನು ಈಗಲೂ ಲೇಕ್ ಏರಿಯಾ ಎಂದೇ ಕರೆಯುತ್ತಾರೆ, ಕೆರೆಯನ್ನೇ ತುಂಬಿಸಿ ಮನೆ ಕಟ್ಟಿದ ಜಾಗ. ಇಲ್ಲಿ ಮಳೆಗಾಲದಲ್ಲಿ ಮನೆಯ ನೆಲವೇ ನೀರಿನೊಳಗಿರುತ್ತದೆ, ಇನ್ನು ನೆಲಮಾಳಿಗೆಯಲ್ಲಿ ಕೂತ ಡಾಕ್ಟರು ಡಿಸೆಂಬರ್ ಹೊತ್ತಿಗೆ ತೇಲಿಬರುತ್ತಾನೆ. ಆಮೇಲಿನ ಪ್ರಶ್ನೆ ಅವನದು: "ಇಂಥದ್ದು ಮದ್ರಾಸಿನಲ್ಲಿ ನಿಜವಾಗಿ ನಡೆದಿತ್ತಾ?"

ಅದಕ್ಕೆ ಉತ್ತರ ಹೇಳಲು ಅವನನ್ನು ರೈಲು ಹತ್ತಿಸಬೇಕಾಯಿತು.

ಬೀಚ್ ನಿಲ್ದಾಣದಿಂದ ತಾಂಬರಂಗೆ ಹೋಗುವ ಲೋಕಲ್ ರೈಲಿನ ದಾರಿ ನಿಮಗೆ ಗೊತ್ತಿರಬಹುದು. ಎಗ್ಮೋರ್ ಆದ ಮೇಲೆ ಚೆಟ್‌ಪೇಟ್, ಆಮೇಲೆ ನುಂಗಂಬಾಕ್ಕಂ, ಕೋಡಂಬಾಕ್ಕಂ, ಮಾಂಬಲಂ, ಸೈದಾಪೇಟೆ, ಗಿಂಡಿ. ಇನ್ನೂ ಎಷ್ಟೋ ಆದ ಮೇಲೆ, ತಾಂಬರಂಗೆ ಮುಂಚಿನ ನಿಲ್ದಾಣದ ಹೆಸರು 'ತಾಂಬರಂ ಸ್ಯಾನಟೋರಿಯಂ'. ಹಲಗೆಯಲ್ಲಿ ಹಾಗೇ ಬರೆದಿದೆ. ದಿನವೂ ಸಾವಿರಾರು ಜನ "ಒಂದು ಸ್ಯಾನಟೋರಿಯಂ ಕೊಡಿ" ಎಂದು ಟಿಕೆಟ್ ಕೇಳುತ್ತಾರೆ. ಅವರಲ್ಲಿ ಎಷ್ಟು ಮಂದಿಗೆ ಆ ಮಾತಿನ ಅರ್ಥ ನೆನಪಿದೆಯೋ.

1928ರಲ್ಲಿ ಅಲ್ಲಿ ಕ್ಷಯರೋಗಿಗಳಿಗೆಂದು ಸ್ಯಾನಟೋರಿಯಂ ತೆರೆದವರು ಡಾಕ್ಟರ್ ಚೌರಿ ಮುತ್ತು. ಅವರು ಅದಕ್ಕೆ ಮುಂಚೆ ಇಂಗ್ಲೆಂಡಿನ ಮೆಂಡಿಪ್ ಗುಡ್ಡಗಳಲ್ಲಿ ಇಂಥದ್ದೇ ಒಂದನ್ನು ನಡೆಸುತ್ತಿದ್ದರು. ಅಲ್ಲಿ ಅವರ ರೋಗಿಗಳಲ್ಲಿ ಒಬ್ಬರು ಗಣಿತಜ್ಞ ಶ್ರೀನಿವಾಸ ರಾಮಾನುಜನ್. ಆಗ ಕ್ಷಯಕ್ಕೆ ಔಷಧಿಯೇ ಇರಲಿಲ್ಲ. ತಂಪು ಗಾಳಿ, ವಿಶ್ರಾಂತಿ, ಪುಷ್ಟಿಯ ಊಟ, ಇಷ್ಟೇ ಚಿಕಿತ್ಸೆ. ಇಂಗ್ಲೆಂಡಿನ ಚಳಿಯಲ್ಲಿ ಕಿಟಕಿ ತೆರೆದಿಟ್ಟು ರೋಗಿಯನ್ನು ಮಲಗಿಸುತ್ತಿದ್ದರು. ಸಾರು ಅನ್ನ ತಿಂದು ಬೆಳೆದ ಕುಂಭಕೋಣದ ಮನುಷ್ಯ ಅಲ್ಲಿ ನಡುಗಿಕೊಂಡು ದಿನ ತಳ್ಳಿದ. 1919ರಲ್ಲಿ ಊರಿಗೆ ಮರಳಿ, 1920ರ ಏಪ್ರಿಲ್ 26ರಂದು, ಮೂವತ್ತೆರಡನೆಯ ವಯಸ್ಸಿಗೆ, ಇದೇ ಚೆಟ್‌ಪೇಟಿನ ಒಂದು ಮನೆಯಲ್ಲಿ ತೀರಿಕೊಂಡ. ಅವನಿಗಿದ್ದದ್ದು ಕ್ಷಯವೇ ಅಲ್ಲ, ಪಿತ್ತಜನಕಾಂಗಕ್ಕೆ ಹತ್ತಿದ ಅಮೀಬಾ ಸೋಂಕು ಇರಬಹುದು ಎಂದು ಸಂಶೋಧಕರೊಬ್ಬರು 1994ರಲ್ಲಿ ವಾದಿಸಿದ್ದಾರೆ. ಹಾಗಿದ್ದರೆ ಆ ಚಳಿಯೆಲ್ಲ ವ್ಯರ್ಥ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನನ್ನ ಸೋದರಳಿಯನ ಡಾಕ್ಟರು ಖಳನಾಯಕ, ಏಕೆಂದರೆ ಅವನು ಪ್ರಯೋಗ ಮಾಡಿದ. ಸ್ಯಾನಟೋರಿಯಂ ನಡೆಸಿದವರು ಪುಣ್ಯವಂತರು, ಏಕೆಂದರೆ ಅವರು ಪ್ರಯೋಗ ಮಾಡಲಿಲ್ಲ, ಚಿಕಿತ್ಸೆ ಮಾಡಿದರು. ಆದರೆ ಹೆಂಡತಿ ಮಕ್ಕಳಿಂದ ಬಿಡಿಸಿ ಗುಡ್ಡದ ಮೇಲೆ ವರ್ಷಗಟ್ಟಲೆ ಮಲಗಿಸಿದರೆ ನಿಜವಾಗಿಯೂ ಗುಣವಾಗುತ್ತದೆಯೇ ಎಂದು ಸುಮಾರು ನೂರು ವರ್ಷ ಯಾರೂ ಸರಿಯಾಗಿ ತೂಗಿ ನೋಡಲಿಲ್ಲ. ತೂಗಿ ನೋಡದೆ ಲಕ್ಷಾಂತರ ಜನರ ಮೇಲೆ ನಡೆಸಿದ್ದಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯದು.

ನಮ್ಮ ಮನೆಯಲ್ಲೇ ಇದರ ಒಂದು ತುಣುಕು ಇತ್ತು. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ಇದೆಯಲ್ಲ, ಮೈಸೂರಿನವರ ಬಾಯಲ್ಲಿ ಪಿ.ಕೆ. ಸ್ಯಾನಟೋರಿಯಂ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕ್ಷಯಕ್ಕೆ ಬಲಿಯಾದ ನೆನಪಿಗೆ ಕಟ್ಟಿಸಿದ್ದು. ನಮ್ಮ ದೊಡ್ಡಪ್ಪ ನಾನು ಹುಟ್ಟುವ ಮುಂಚೆ ಅಲ್ಲಿ ಒಂದು ವರ್ಷ ಇದ್ದು, ಗುಣವಾಗಿ, ಮನೆಗೆ ಬಂದವರು. ನಾನು ನೋಡುವ ಹೊತ್ತಿಗೆ ಗಟ್ಟಿಮುಟ್ಟಾಗಿದ್ದರು, ಭತ್ತದ ಮೂಟೆ ಎತ್ತುತ್ತಿದ್ದರು. ಆದರೂ ಅವರ ಹಿತ್ತಾಳೆ ಲೋಟ ಅಡಿಗೆಮನೆಗೆ ಬರುತ್ತಿರಲಿಲ್ಲ. ಹಿತ್ತಲ ಗೋಡೆಯ ಗೂಡಿನಲ್ಲಿ ಕೂತಿರುತ್ತಿತ್ತು. ಕಾಫಿಯ ಹೊತ್ತಿಗೆ ಅವರೇ ಅದನ್ನು ತಂದು ಹೊಸ್ತಿಲ ಈಚೆ ಹಿಡಿಯುವರು, ಅಜ್ಜಿ ಮೇಲಿಂದ ಸುರಿಯುವರು. ಕುಡಿದಾದ ಮೇಲೆ ಅವರೇ ತೊಳೆದು, ಬೋರಲು ಹಾಕಿ, ಗೂಡಿನಲ್ಲಿಡುವರು. ಯಾರೂ ಒಂದು ಮಾತೂ ಆಡುತ್ತಿರಲಿಲ್ಲ. ಹದಿನೈದು ವರ್ಷ ಹೀಗೆ. ಕ್ಷಯ ಲೋಟದಿಂದ ಹರಡುವುದಿಲ್ಲ, ಕೆಮ್ಮಿದ ಗಾಳಿಯಿಂದ ಹರಡುತ್ತದೆ ಎಂದು ನನಗೆ ತಿಳಿದಾಗ ದೊಡ್ಡಪ್ಪ ಇರಲಿಲ್ಲ, ಅಜ್ಜಿಯೂ ಇರಲಿಲ್ಲ.

ಈಗ ಚೆಟ್‌ಪೇಟಿಗೆ ಬರೋಣ. ನಮ್ಮ ನಿಲ್ದಾಣದಿಂದ ಒಂದೇ ಸ್ಟಾಪು. ಸ್ಪರ್‌ಟ್ಯಾಂಕ್ ರಸ್ತೆಯ ಕಡೆ ಹೊರಟರೆ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ ಸಿಗುತ್ತದೆ. 1956ರಲ್ಲಿ ಅದು ಹುಟ್ಟಿದಾಗ ಇಟ್ಟ ಹೆಸರು ಟ್ಯೂಬರ್‌ಕ್ಯುಲೋಸಿಸ್ ಕೀಮೋಥೆರಪಿ ಸೆಂಟರ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ, ನಾಲ್ವರೂ ಕೂಡಿ ತೆರೆದದ್ದು. ಮುಂದಾಳು ವ್ಯಾಲೇಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯ.

ಆ ಹೊತ್ತಿಗೆ ಔಷಧಿ ಬಂದಿತ್ತು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಮತ್ತು ಪಿ.ಎ.ಎಸ್., 1952ರಲ್ಲಿ ಐಸೋನಿಯಾಜಿಡ್. ತೊಂದರೆ ಬೇರೆಯದಿತ್ತು. 1946ರ ಭೋರ್ ಸಮಿತಿಯ ಲೆಕ್ಕದ ಪ್ರಕಾರ ದೇಶದಲ್ಲಿ ಕ್ಷಯರೋಗಿಗಳು ಸುಮಾರು 25 ಲಕ್ಷ, ಅವರಿಗಿದ್ದ ಆಸ್ಪತ್ರೆ ಹಾಸಿಗೆ ಸುಮಾರು 6,000. ಒಂದು ಹಾಸಿಗೆಗೆ ನಾನೂರಕ್ಕೂ ಹೆಚ್ಚು ಮಂದಿ. ಹೊಸ ಔಷಧಿಯನ್ನೂ ಸ್ಯಾನಟೋರಿಯಂನಲ್ಲೇ ಮಲಗಿಸಿ ಕೊಡಬೇಕು ಎಂದು ಹಟ ಹಿಡಿದರೆ ಮಿಕ್ಕ ನಾನೂರು ಮಂದಿ ಸರದಿಯಲ್ಲೇ ಸಾಯಬೇಕು. ಹಾಗಾದರೆ ಮನೆಯಲ್ಲೇ ಇಟ್ಟು ಮಾತ್ರೆ ಕೊಟ್ಟರೆ?

ಮಾತು ಸರಳ, ಕೆಲಸ ದಿಗಿಲು ಹುಟ್ಟಿಸುವಂಥದ್ದು. ಮದ್ರಾಸಿನ ಬಡವರ ಮನೆ ಅಂದರೆ ಒಂದೇ ಕೋಣೆ. ಅಲ್ಲೇ ಒಲೆ, ಅಲ್ಲೇ ತೊಟ್ಟಿಲು, ಅಲ್ಲೇ ಆರೇಳು ಜನರ ನಿದ್ದೆ. ಕಫದಲ್ಲಿ ಕ್ರಿಮಿ ಕಾಣುತ್ತಿರುವ ರೋಗಿಯನ್ನು ಅಂಥ ಕೋಣೆಗೆ ಬೇಕೆಂದೇ ವಾಪಸು ಕಳಿಸುವುದು! ಪಕ್ಕದಲ್ಲಿ ಮಗು ಮಲಗಿರುತ್ತದೆ. ಅಷ್ಟೇ ಅಲ್ಲ, ಯಾರು ಸ್ಯಾನಟೋರಿಯಂಗೆ, ಯಾರು ಮನೆಗೆ ಎಂಬುದನ್ನು ಡಾಕ್ಟರಾಗಲಿ ರೋಗಿಯಾಗಲಿ ನಿರ್ಧರಿಸುವ ಹಾಗಿಲ್ಲ. ಚೀಟಿ ಎತ್ತಿದ ಹಾಗೆ ಹಂಚಬೇಕು. ಇಲ್ಲದಿದ್ದರೆ ಲೆಕ್ಕ ಸರಿಬರುವುದಿಲ್ಲ.

ಇನ್ನೂರಕ್ಕೆ ಒಳಗಿನ ಸಂಖ್ಯೆಯ ರೋಗಿಗಳನ್ನು ಹಾಗೆ ಎರಡು ಪಾಲು ಮಾಡಿದರು. ಇಬ್ಬರಿಗೂ ಒಂದೇ ಔಷಧಿ, ಐಸೋನಿಯಾಜಿಡ್ ಜೊತೆ ಪಿ.ಎ.ಎಸ್., ಒಂದು ವರ್ಷ. ಸ್ಯಾನಟೋರಿಯಂನವರಿಗೆ ಹಾಸಿಗೆ, ದಾದಿಯರು, ಹೊಟ್ಟೆತುಂಬ ಊಟ. ಮನೆಯವರಿಗೆ ಅದೇ ಕೋಣೆ, ಅದೇ ಗಂಜಿ, ಕೆಲವರಿಗೆ ಅದೇ ಕೂಲಿ ಕೆಲಸ. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ವರ್ಷದ ಕೊನೆಗೆ ಕಫದಲ್ಲಿ ಕ್ರಿಮಿ ಅಡಗಿದವರು ಸ್ಯಾನಟೋರಿಯಂನಲ್ಲಿ ಶೇಕಡಾ 92, ಮನೆಯಲ್ಲಿ ಶೇಕಡಾ 86. ಸ್ಯಾನಟೋರಿಯಂನವರು ಮೈ ತುಂಬಿಕೊಂಡಿದ್ದರು, ಮನೆಯವರು ಅಷ್ಟು ತುಂಬಿಕೊಂಡಿರಲಿಲ್ಲ. ಆದರೆ ಎದೆ ಇಬ್ಬರದೂ ಹೆಚ್ಚುಕಡಿಮೆ ಒಂದೇ ಹದಕ್ಕೆ ಬಂದಿತ್ತು.

ಪಕ್ಕದಲ್ಲಿ ಮಲಗಿದ ಮಗು? ಅದೇ ತಾನೆ ನಮ್ಮನ್ನು ಕಾಡುವ ಪ್ರಶ್ನೆ. ಅವರನ್ನೂ ಕಾಡಿತು. ಎರಡೂ ಗುಂಪಿನ ಮನೆಮಂದಿಯನ್ನು ಐದು ವರ್ಷ ಬೆನ್ನುಹತ್ತಿ ಪರೀಕ್ಷಿಸಿದರು. ರೋಗಿಯನ್ನು ಮನೆಯಲ್ಲಿಟ್ಟುಕೊಂಡವರಿಗೆ ಹೆಚ್ಚು ಕ್ಷಯ ತಗಲಲಿಲ್ಲ. ತಗಲುವುದೆಲ್ಲ ರೋಗ ಪತ್ತೆಯಾಗುವ ಮುಂಚೆಯೇ ತಗಲಿಯಾಗಿರುತ್ತಿತ್ತು, ಔಷಧಿ ಶುರುವಾದ ಮೇಲೆ ಕೆಮ್ಮಿನ ವಿಷ ಬೇಗ ಇಳಿಯುತ್ತಿತ್ತು. ನಮ್ಮ ದೊಡ್ಡಪ್ಪನ ಲೋಟ ಗೂಡಿನಲ್ಲಿ ಕೂತಿದ್ದ ದಿನಗಳಲ್ಲೇ ಈ ಉತ್ತರ ಅಚ್ಚಾಗಿ ಹೊರಬಂದಿತ್ತು.

ಇನ್ನು ಸಸ್ಪೆನ್ಸ್ ವಿಷಯ. ನನ್ನ ಸೋದರಳಿಯನಿಗೆ ಇದನ್ನು ಹೇಳುವಾಗ ಅವನು ಮೊದಲ ಸಲ ಪೆನ್ನು ತೆಗೆದದ್ದು ಮುಂದಿನ ಮಾತಿಗೆ. ಮನೆಯಲ್ಲಿರುವ ರೋಗಿ ಮಾತ್ರೆ ನುಂಗುತ್ತಾನೋ ಚರಂಡಿಗೆ ಎಸೆಯುತ್ತಾನೋ ತಿಳಿಯುವುದು ಹೇಗೆ? ಪಿ.ಎ.ಎಸ್. ಸುಲಭದ ಔಷಧಿಯಲ್ಲ. ದಿನಕ್ಕೆ ಗ್ರಾಂಗಟ್ಟಲೆ ನುಂಗಬೇಕು, ಬಾಯೆಲ್ಲ ಕಹಿ, ಹೊಟ್ಟೆಯಲ್ಲಿ ತೊಳಸು. ಎರಡು ತಿಂಗಳಲ್ಲಿ ಕೆಮ್ಮು ನಿಂತು ಜ್ವರ ಬಿಟ್ಟರೆ "ಇನ್ಯಾಕೆ ಈ ಹಿಂಸೆ" ಎನಿಸುವುದು ಸಹಜ. ಅದಕ್ಕೇ ಸೆಂಟರಿನವರು ಹೇಳದೆ ಕೇಳದೆ ಮನೆಗೆ ಬರುತ್ತಿದ್ದರು. ಉಳಿದ ಗುಳಿಗೆಗಳನ್ನು ಎಣಿಸುತ್ತಿದ್ದರು. ಸೀಸೆ ಕೊಟ್ಟು ಮೂತ್ರ ಕೇಳುತ್ತಿದ್ದರು. ಅದಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದರೆ, ಪಿ.ಎ.ಎಸ್. ನುಂಗಿದ್ದರೆ ಬಣ್ಣ ತಿರುಗುತ್ತದೆ, ಇಲ್ಲದಿದ್ದರೆ ಇಲ್ಲ. ಪತ್ತೇದಾರ ಪುರುಷೋತ್ತಮನಿಗೂ ಇಂಥ ಉಪಾಯ ಹೊಳೆದಿರಲಾರದು. ಬಾಯಿ ಸುಳ್ಳು ಹೇಳಬಹುದು, ಸೀಸೆ ಹೇಳುವುದಿಲ್ಲ. ಮನುಷ್ಯರ ಮೇಲೆ ಹೀಗೆ ಕಾವಲು ಕೂರುವುದು ಸರಿಯೇ ಎಂದು ನೀವು ಕೇಳಬಹುದು. ಉತ್ತರ ಏನೇ ಇರಲಿ, ಅದೇ ಅನುಭವದಿಂದ ಮುಂದೆ ಬಂದದ್ದು ಆರೋಗ್ಯ ಕಾರ್ಯಕರ್ತರ ಕಣ್ಣೆದುರಿಗೇ ಮಾತ್ರೆ ನುಂಗಿಸುವ ಪದ್ಧತಿ, ಊರೂರಿನಲ್ಲಿ ನಾವು ಕಂಡ 'ಡಾಟ್ಸ್'.

ಮದ್ರಾಸಿನ ಈ ಪಾಠವನ್ನು ಊರಿಗೆ ಇಳಿಸಿದ್ದು ಬೆಂಗಳೂರು. ಬಳ್ಳಾರಿ ರಸ್ತೆಯಲ್ಲಿ ಮೈಸೂರು ಅರಸರ 'ಅವಲಾನ್' ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು, ಮರುವರ್ಷ ನೆಹರೂ ಬಂದು ಉದ್ಘಾಟಿಸಿದರು. ಅಲ್ಲಿಯವರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕೆಮ್ಮುವವರನ್ನು ಮಾತಾಡಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ ಎಂಬುದು ಪೇಟೆಯವರ ನಂಬಿಕೆ. ನೋಡಿದರೆ ಅರ್ಧಕ್ಕೂ ಹೆಚ್ಚು ರೋಗಿಗಳು ಆಗಲೇ ಒಂದಲ್ಲ ಒಂದು ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಇದನ್ನು 1963ರಲ್ಲಿ ಬರೆದಿಟ್ಟರು. ಇದು ನಡೆದದ್ದು ಬೀಗ ಹಾಕಿದ ಕಟ್ಟಡದಲ್ಲಲ್ಲ, ಹಾಡುಹಗಲಲ್ಲಿ, ಬಾಗಿಲು ತೆರೆದಿದ್ದ ಆಸ್ಪತ್ರೆಗಳಲ್ಲಿ.

ನನ್ನ ಸೋದರಳಿಯ ಜಾಣ. ಇಷ್ಟೆಲ್ಲ ಕೇಳಿ, "ಮಾವ, ನೀವು ಒಳ್ಳೆಯವರ ಕಥೆ ಹೇಳ್ತಿದೀರಿ. ನನಗೆ ಬೇಕಾದ್ದು ತಪ್ಪು ಮಾಡಿದವರು" ಅಂದ. ಸರಿ, ಆ ಕಡೆಗೂ ಹೋಗೋಣ.

ಚೆಟ್‌ಪೇಟಿನ ಎರಡನೆಯ ಪ್ರಯೋಗ ಇದೆ. ಪಿ.ಎ.ಎಸ್. ದುಬಾರಿ, ಕಹಿ, ಹೊರಲು ಭಾರ. ಐಸೋನಿಯಾಜಿಡ್ ಅಗ್ಗ. ಅದೊಂದನ್ನೇ ಕೊಟ್ಟರೆ ಬಡದೇಶಕ್ಕೆ ಸಾಕಾಗಬಹುದೇ? ಒಂದೇ ಔಷಧಿ ಕೊಟ್ಟರೆ ಕ್ರಿಮಿ ಅದಕ್ಕೆ ಬಗ್ಗದಂತೆ ಬಲಿಯುತ್ತದೆ ಎಂಬುದು ಆಗಲೇ ವೈದ್ಯಲೋಕಕ್ಕೆ ತಿಳಿದಿತ್ತು. ಆದರೂ ಕೆಲವು ಗುಂಪಿಗೆ ಅದೊಂದನ್ನೇ, ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು ನೋಡಿದರು. 1960ರಲ್ಲಿ ವರದಿ ಬಂತು. ಎರಡು ಔಷಧಿಯ ಗುಂಪಿಗಿಂತ ಒಂದೇ ಔಷಧಿಯ ಗುಂಪುಗಳು ಹಿಂದೆ ಬಿದ್ದಿದ್ದವು. ಲಂಡನ್ನಿನ ರೋಗಿಗೆ ಯಾರೂ ಕೊಡಲು ಒಪ್ಪದ ಚಿಕಿತ್ಸೆಯನ್ನು ಮದ್ರಾಸಿನ ಬಡವನಿಗೆ ಕೊಟ್ಟದ್ದು ತಪ್ಪೇ? ಏನೂ ಸಿಗದ 25 ಲಕ್ಷ ಮಂದಿಗೆ ಏನಾದರೂ ಸಿಗಲಿ ಎಂದು ಕೊಟ್ಟದ್ದು ಸರಿಯೇ? ನಾನು ಎರಡೂ ಕಡೆ ವಾದ ಮಾಡಿ ನೋಡಿದ್ದೇನೆ. ರಾತ್ರಿ ಹೊತ್ತಿಗೆ ತಪ್ಪು ಎನಿಸುತ್ತದೆ, ಬೆಳಿಗ್ಗೆ ಹೊತ್ತಿಗೆ ಲೆಕ್ಕ ಎದುರಿಗೆ ನಿಲ್ಲುತ್ತದೆ. ಒಂದು ಮಾತಂತೂ ನಿಜ. ಆ ಡಾಕ್ಟರುಗಳು ನೆಲಮಾಳಿಗೆಯಲ್ಲಿ ಅಡಗಿರಲಿಲ್ಲ. ಮಾಡಿದ್ದನ್ನೆಲ್ಲ ಅಂಕಿಸಂಖ್ಯೆ ಸಮೇತ ಅಚ್ಚು ಹಾಕಿಸಿದರು.

ಅಚ್ಚು ಹಾಕಿಸಿದ ಮಾತ್ರಕ್ಕೆ ಪಾಪ ತೊಳೆಯುವುದಿಲ್ಲ, ಅದೂ ನಿಜ. ಅಮೆರಿಕದ ಟಸ್ಕೀಗೀಯಲ್ಲಿ 1932ರಿಂದ 1972ರವರೆಗೆ, ನಲವತ್ತು ವರ್ಷ, ಕಪ್ಪು ಜನಾಂಗದ ನೂರಾರು ಬಡ ಗಂಡಸರಿಗೆ ಸಿಫಿಲಿಸ್ ರೋಗ ಇದೆ ಎಂದು ಗೊತ್ತಿದ್ದೂ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತ ಕೂತರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅದನ್ನು ನಡೆಸಿದ್ದು ಸರ್ಕಾರದ ಆರೋಗ್ಯ ಇಲಾಖೆಯೇ, ಮತ್ತು ನಡುನಡುವೆ ವೈದ್ಯ ಪತ್ರಿಕೆಗಳಲ್ಲಿ ವರದಿಯೂ ಬರುತ್ತಿತ್ತು. ಓದಿದ ಡಾಕ್ಟರುಗಳು ಪುಟ ತಿರುಗಿಸಿದರು. ಇದನ್ನು ಕೇಳಿ ನನ್ನ ಸೋದರಳಿಯ ತನ್ನ ಹಸ್ತಪ್ರತಿಯನ್ನು ಸ್ವಲ್ಪ ಹೊತ್ತು ನೋಡುತ್ತ ಕೂತ. ಅವನ ಕಾದಂಬರಿಯಲ್ಲಿ ಎಲ್ಲವೂ ನಿಂತಿದ್ದದ್ದು ಗುಟ್ಟಿನ ಮೇಲೆ.

ನಮ್ಮಲ್ಲೂ ಹಳೆಯ ಉದಾಹರಣೆಗಳಿವೆ. ಸೊಳ್ಳೆಯಿಂದ ಮಲೇರಿಯಾ ಎಂದು ಸಾಧಿಸಿ ನೊಬೆಲ್ ಪಡೆದ ರೊನಾಲ್ಡ್ ರಾಸ್ ಇದ್ದನಲ್ಲ, ಮೊದಲು ಬೆಂಗಳೂರು ದಂಡಿನಲ್ಲಿ ಡಾಕ್ಟರಾಗಿದ್ದವನು, 1895ರಲ್ಲಿ ಸಿಕಂದರಾಬಾದಿನಲ್ಲಿ ಲಕ್ಷ್ಮಣ ಎಂಬ ಆಳಿಗೆ ಸೊಳ್ಳೆ ಸತ್ತ ನೀರು ಕುಡಿಸಿ ಜ್ವರ ಬರುತ್ತದೆಯೇ ಎಂದು ಕಾದ. 1897ರಲ್ಲಿ ಹುಸೇನ್ ಖಾನ್ ಎಂಬ ರೋಗಿಗೆ ಸೊಳ್ಳೆ ಕಚ್ಚಿಸಿಕೊಳ್ಳಲು ಕಡಿತಕ್ಕೆ ಒಂದಾಣೆಯಂತೆ ಕೊಟ್ಟ. ಅಮಿತಾವ್ ಘೋಷ್ 1995ರಲ್ಲಿ ಬರೆದ 'ದಿ ಕಲ್ಕತ್ತಾ ಕ್ರೋಮೋಸೋಮ್' ಕಾದಂಬರಿ ಈ ಲಕ್ಷ್ಮಣನ ಸುತ್ತಲೇ ಹೆಣೆದದ್ದು: ಸಾಹೇಬ ಆಳಿನ ಮೇಲೆ ಪ್ರಯೋಗ ಮಾಡುತ್ತಿದ್ದನೋ, ಆಳೇ ಸಾಹೇಬನ ಮೇಲೆ ಮಾಡುತ್ತಿದ್ದನೋ? ಇಂಥ ತಿರುವು ಒಂದು ಹೊಳೆದರೆ ಹಾಳುಬಿದ್ದ ಕಟ್ಟಡವೂ ಬೇಡ, ಟಾರ್ಚೂ ಬೇಡ. ಟಿಪ್ಪಣಿಯಲ್ಲಿ ಬಿದ್ದಿದ್ದ ಒಬ್ಬ ಆಳು ಎದ್ದು ನಿಂತರೆ ಸಾಕು.

ಮನುಷ್ಯರ ಮೇಲಿನ ಪ್ರಯೋಗಕ್ಕೆ ನಿಯಮಗಳು ಬಂದದ್ದು ತಡವಾಗಿ. 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ, 1964ರಲ್ಲಿ ಹೆಲ್ಸಿಂಕಿ ಘೋಷಣೆ, ನಮ್ಮ ಸಂಶೋಧನಾ ಮಂಡಳಿಯ ಮೊದಲ ನೀತಿ ಹೇಳಿಕೆ 1980ರಲ್ಲಿ. ಬ್ರಿಟನ್ನಿನ ಹೆಸರಾಂತ ಸ್ಟ್ರೆಪ್ಟೊಮೈಸಿನ್ ಪ್ರಯೋಗ, ಲಕೋಟೆಯಲ್ಲಿ ಚೀಟಿ ಹಾಕಿ ರೋಗಿಗಳನ್ನು ಹಂಚಿ 1948ರಲ್ಲಿ ಪ್ರಕಟಿಸಿದ್ದು, ಅದರಲ್ಲಿ ಔಷಧಿ ಸಿಗದ ಗುಂಪಿನವರಿಗೆ ತಾವು ಪ್ರಯೋಗದಲ್ಲಿದ್ದೇವೆ ಎಂಬುದೇ ಗೊತ್ತಿರಲಿಲ್ಲ.

ಇದೆಲ್ಲ ಹಳೆಯ ಮಾತಾಯಿತು ಎನ್ನಬೇಡಿ. ಚೆಟ್‌ಪೇಟಿನ ಮೊದಲ ಪ್ರಯೋಗದಿಂದ ಒಂದು ಮಾತು ಹುಟ್ಟಿತ್ತು, ಕ್ಷಯ ಗುಣವಾಗಲು ಔಷಧಿ ಸಾಕು, ಊಟ ಮುಖ್ಯವಲ್ಲ ಎಂದು. ಅರವತ್ತು ವರ್ಷ ಆ ಮಾತು ಬಡವರ ತಟ್ಟೆಯ ಮೇಲೆ ಮುಚ್ಚಳದ ಹಾಗೆ ಕೂತಿತ್ತು. 2019ರಲ್ಲಿ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ, ಇದೇ ಚೆಟ್‌ಪೇಟಿನ ಸಂಸ್ಥೆಯ ಜೊತೆ ಸೇರಿ, ಜಾರ್ಖಂಡಿನಲ್ಲಿ ಇನ್ನೊಂದು ಪ್ರಯೋಗಕ್ಕೆ ಕೈಹಾಕಿದರು. ಕ್ಷಯರೋಗಿಗಳಿಗೆಲ್ಲ ತಿಂಗಳ ದಿನಸಿ. ಅವರ ಮನೆಮಂದಿಯಲ್ಲಿ ಒಂದು ಪಾಲಿಗೆ ದೊಡ್ಡವರ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. ಇನ್ನೊಂದು ಪಾಲಿಗೆ ಇಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಜನ. 2023ರಲ್ಲಿ ಫಲಿತಾಂಶ ಬಂತು: ಅಕ್ಕಿ ಬೇಳೆ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಗಿತ್ತು. ಲಸಿಕೆ ಮಾಡದ್ದನ್ನು ಬೇಳೆ ಮಾಡಿತು. ನನಗೆ ಓದಿ ಕುಣಿಯುವಷ್ಟು ಸಂತೋಷವಾಯಿತು. ಆಮೇಲೆ ಆ ಇನ್ನೊಂದು ಪಾಲು ನೆನಪಾಯಿತು. ಪಕ್ಕದ ಊರಿಗೆ ಅಕ್ಕಿ ಚೀಲ ಬಂದು ಇಳಿಯುವುದನ್ನು ನೋಡುತ್ತ ನಿಂತ ಮನೆಗಳು. ಅವರಿಲ್ಲದೆ ಹೋಗಿದ್ದರೆ 39 ಎಂಬ ಅಂಕಿಯೇ ಇರುತ್ತಿರಲಿಲ್ಲ. ಆ ಅಂಕಿ ಇಲ್ಲದೆ ಹೋಗಿದ್ದರೆ ಬೇಳೆಗೆ ದುಡ್ಡು ಬಿಚ್ಚಿ ಎಂದು ಸರ್ಕಾರವನ್ನು ಕೇಳುವ ಬಾಯಿಯೂ ಇರುತ್ತಿರಲಿಲ್ಲ. ಬಿಳಿಗೂದಲಿನ ಡಾಕ್ಟರನ್ನು ಹಿಡಿದು ಜೈಲಿಗೆ ಹಾಕಿದರೆ ಈ ಗಂಟು ಬಿಡುವುದಿಲ್ಲ.

ಈಗ ಹಾಳುಬಿದ್ದ ಆಸ್ಪತ್ರೆಗೆ ಬರುತ್ತೇನೆ. ಜಗತ್ತಿನ ಸ್ಯಾನಟೋರಿಯಂಗಳು ಖಾಲಿಯಾದದ್ದು ಯಾವುದೋ ಘೋರ ಕೃತ್ಯ ಬಯಲಾಗಿ ಅಲ್ಲ. ಹೊಸ ಔಷಧಿ ಬಂದು ಅವುಗಳ ಬುಡ ಅಲುಗಿತು, ಮಂಚವೇ ಬೇಡ ಎಂದು ಲೆಕ್ಕ ಹಾಕಿ ತೋರಿಸಿದ್ದು ಚೆಟ್‌ಪೇಟಿನ ಒಂಟಿ ಕೋಣೆಗಳು. ಅಮೆರಿಕದ ಕೆಂಟಕಿಯಲ್ಲಿ ವೇವರ್ಲಿ ಹಿಲ್ಸ್ ಎಂಬ ದೊಡ್ಡ ಕ್ಷಯರೋಗ ಆಸ್ಪತ್ರೆ 1961ರಲ್ಲಿ ಮುಚ್ಚಿತು. ಇವತ್ತು ಅಲ್ಲಿ ರಾತ್ರಿ ಟಿಕೆಟ್ ಕೊಟ್ಟು ದೆವ್ವ ತೋರಿಸುತ್ತಾರೆ. ನಮ್ಮ ಹುಡುಗನ ಕಾದಂಬರಿಯ ಕಬ್ಬಿಣದ ಮಂಚಗಳು, ಅರಳಿ ಗಿಡ, ಟಾರ್ಚು ಎಲ್ಲ ಅಂಥ ಕಡೆಯಿಂದ ಸಿನಿಮಾ ದಾರಿಯಾಗಿ ಬಂದವು. ರೋಗಿಗಳು ಮನೆಗೆ ಹೋದದ್ದರಿಂದ ಖಾಲಿಯಾದ ಕಟ್ಟಡಕ್ಕೆ ನಾವು ದೆವ್ವಗಳನ್ನು ತಂದು ತುಂಬಿದೆವು.

ತಾಂಬರಂನದು ಖಾಲಿಯೂ ಆಗಲಿಲ್ಲ. ಹುಡುಗನನ್ನು ಅಲ್ಲಿಗೂ ಕರೆದೊಯ್ದೆ. ಹಾಳು ಕಟ್ಟಡ ನೋಡಬೇಕೆಂದು ಕ್ಯಾಮೆರಾ ತಂದಿದ್ದ. ಈಗ ಅದು ಸರ್ಕಾರದ ಎದೆರೋಗ ಆಸ್ಪತ್ರೆ. ಹೊರರೋಗಿಗಳ ಸಾಲು, ಮುಖಕ್ಕೆ ಟವೆಲು ಕಟ್ಟಿಕೊಂಡ ಗಂಡಸರು, ಮರದ ನೆರಳಲ್ಲಿ ಡಬ್ಬಿ ಬಿಚ್ಚಿ ಮೊಸರನ್ನ ತಿನ್ನುತ್ತಿರುವ ಒಂದು ಸಂಸಾರ. ಒಂದೇ ಡಬ್ಬಿ, ಮೂವರ ಕೈ. ಅವನು ಕ್ಯಾಮೆರಾ ಹೊರಗೆ ತೆಗೆಯಲಿಲ್ಲ.

ಹೋದ ತಿಂಗಳು ಹೊಸ ಮೊದಲ ಅಧ್ಯಾಯ ಕಳಿಸಿದ್ದಾನೆ. ಕ್ವಾರಂಟೀನ್ ಆಸ್ಪತ್ರೆ ಹೋಗಿದೆ, ಬಿಳಿಗೂದಲಿನ ಡಾಕ್ಟರೂ ಹೋಗಿದ್ದಾನೆ. 1957, ಚೆಟ್‌ಪೇಟಿನ ಒಂದು ಗಲ್ಲಿ, ಮಧ್ಯಾಹ್ನ. ಹೆಗಲಿಗೆ ಚೀಲ ಹಾಕಿಕೊಂಡ ನರ್ಸಮ್ಮ ಒಂದು ಗುಡಿಸಲ ಮುಂದೆ ನಿಂತು ಬಾಗಿಲು ತಟ್ಟುತ್ತಾಳೆ. ಒಳಗಿನ ಹೆಂಗಸಿಗೆ ಇವತ್ತು ಆಕೆ ಬರುತ್ತಾಳೆಂದು ಗೊತ್ತಿಲ್ಲ. ಗುಳಿಗೆಗಳು ಅಕ್ಕಿ ಡಬ್ಬದ ತಳದಲ್ಲಿವೆ, ವಾರದಿಂದ. ಚಾಪೆಯ ಮೇಲೆ ಮಗು ಮಲಗಿದೆ. ನರ್ಸಮ್ಮ ನಗುತ್ತ ಸೀಸೆ ಮುಂದೆ ಹಿಡಿಯುತ್ತಾಳೆ. ಹೆಂಗಸು ಅದನ್ನು ತೆಗೆದುಕೊಂಡು ಗುಡಿಸಲ ಹಿಂದಕ್ಕೆ ಹೋಗುತ್ತಾಳೆ. ಅಲ್ಲಿ ಪಕ್ಕದ ಮನೆಯವಳು ಬಟ್ಟೆ ಒಗೆಯುತ್ತಿದ್ದಾಳೆ, ಆಕೆಗೂ ಅದೇ ಕಾಯಿಲೆ, ಆಕೆ ಒಂದು ದಿನವೂ ಗುಳಿಗೆ ತಪ್ಪಿಸಿದವಳಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಅಧ್ಯಾಯ ಅಲ್ಲಿಗೆ ನಿಂತಿದೆ. ಎರಡನೆಯದು ಕಳಿಸು ಎಂದು ನಾನು ಮೂರು ಸಲ ಫೋನ್ ಮಾಡಿದೆ. ಇನ್ನೂ ಬಂದಿಲ್ಲ.